'ಯು ಕಾಂಟ್ ಡು ದಟ್ ಆನ್ ಟೆಲಿವಿಷನ್': ಪದೇ ಪದೇ ಕೇಳುವ ಪ್ರಶ್ನೆಗಳು

ನಿಕಲೋಡಿಯನ್ ಚಾನೆಲ್‌ನಲ್ಲಿ ಯಾರದೋ ತಲೆಮೇಲೆ ಹಸಿರು ಲೋಳೆ (ಸ್ಲೈಮ್) ಸುರಿಯುವುದನ್ನು ನೋಡಿ, 'ಇದು ಎಲ್ಲಿಂದ ಶುರುವಾಯಿತು' ಎಂದು ಹುಡುಕಿಕೊಂಡು ಹೊರಟವರು ಕೊನೆಗೆ ಬಂದು ನಿಲ್ಲುವುದು ಕೆನಡಾದ ಈ ಮಕ್ಕಳ ಹಾಸ್ಯ ಕಾರ್ಯಕ್ರಮದ ಹತ್ತಿರ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧ ಅದರ ಚರಿತ್ರೆಯ ಬಗ್ಗೆ ಇವೆ. ಉಳಿದವು ಶಾಲಾ ವಾರ್ಷಿಕೋತ್ಸವಕ್ಕೋ ಬೇಸಿಗೆ ಶಿಬಿರಕ್ಕೋ ಇದೇ ಮಾದರಿಯ ಪುಟ್ಟ ಪ್ರಹಸನ ಮಾಡಿಸಬೇಕೆನ್ನುವ ಮೇಷ್ಟ್ರು, ಮೇಡಂಗಳು ಕೇಳುವಂಥವು.

ಇದು ಎಲ್ಲಿಯ ಕಾರ್ಯಕ್ರಮ? ಎಷ್ಟು ವರ್ಷ ನಡೆಯಿತು?

ಕೆನಡಾದ ರಾಜಧಾನಿ ಒಟ್ಟಾವಾದ ಸಿಜೆಓಎಚ್ ಎಂಬ ಸ್ಥಳೀಯ ಟಿವಿ ಕೇಂದ್ರದ್ದು. ಮೊದಲ ಪ್ರಸಾರ 1979ರ ಫೆಬ್ರವರಿ 3, ಶನಿವಾರ ಬೆಳಿಗ್ಗೆ. ಕೊನೆಯ ಹೊಸ ಕಂತು 1990ರ ಮೇ ತಿಂಗಳಲ್ಲಿ. ಹನ್ನೊಂದು ವರ್ಷ ಅಂದರೂ ಪ್ರತಿ ವರ್ಷ ಹೊಸ ಕಂತು ಬಂದಿಲ್ಲ. 1988ರಲ್ಲಿ ಚಿತ್ರೀಕರಣವೇ ನಡೆಯಲಿಲ್ಲ, ಅದರ ಹಿಂದಿನ ವರ್ಷ ಬರೀ ಐದು ಕಂತು ತೆಗೆದರು.

ಮೊದಲ ವರ್ಷದ್ದು ಒಂದು ಗಂಟೆಯ ನೇರ ಪ್ರಸಾರ. ಪ್ರಹಸನಗಳ ನಡುವೆ ಊರಿನ ಮಕ್ಕಳು ಫೋನ್ ಮಾಡಿ ಬಹುಮಾನ ಗೆಲ್ಲುವ ಸ್ಪರ್ಧೆ, ಹಾಡಿನ ವಿಡಿಯೊ ಎಲ್ಲ ಇದ್ದವು. ಅದೇ ವರ್ಷದ ಕೊನೆಗೆ 'ವಾಟೆವರ್ ಟರ್ನ್ಸ್ ಯು ಆನ್' ಎಂಬ ಹೆಸರಿನಲ್ಲಿ, ಅಮೆರಿಕದ ಹಾಸ್ಯನಟಿ ರೂತ್ ಬುಜ್ಜಿ ಅವರನ್ನು ಸೇರಿಸಿಕೊಂಡು, ಸಿಟಿವಿ ಜಾಲದಲ್ಲಿ ದೇಶಕ್ಕೆಲ್ಲ ತೋರಿಸಿದರು. ಅದು ಬೇಗ ನಿಂತುಹೋಯಿತು. 1981ರಲ್ಲಿ ಹಳೆಯ ಹೆಸರಿಗೇ ಮರಳಿದರು. ನಾವಿವತ್ತು ಗುರುತಿಸುವ ಲಾಕರ್ ಜೋಕು (ಶಾಲೆಯ ಲಾಕರಿನೊಳಗಿಂದ ಹೇಳುವ ಚುಟುಕು), ಕಂತಿಗೊಂದೇ ವಿಷಯ ಎಂಬ ಕಟ್ಟುಪಾಡು ಗಟ್ಟಿಯಾದದ್ದು ಆಗಲೇ.

ಇದನ್ನು ಕಟ್ಟಿದವರು ಯಾರು?

ರೋಜರ್ ಪ್ರೈಸ್. ಇಂಗ್ಲೆಂಡಿನವರು. ಅಲ್ಲಿನ ಥೇಮ್ಸ್ ಟೆಲಿವಿಷನ್‌ಗಾಗಿ 'ದಿ ಟುಮಾರೋ ಪೀಪಲ್' ಎಂಬ ಮಕ್ಕಳ ವೈಜ್ಞಾನಿಕ ಧಾರಾವಾಹಿಯನ್ನು 1973ರಲ್ಲಿ ಶುರುಮಾಡಿದವರೂ ಇವರೇ. ಮಕ್ಕಳೇ ನಟಿಸುವ ಪ್ರಹಸನ ಕಾರ್ಯಕ್ರಮಗಳನ್ನು ಅಲ್ಲೂ ಮಾಡಿದ್ದರು. ಹಾಗಾಗಿ ಒಟ್ಟಾವಾಕ್ಕೆ ಬರುವಾಗ ಅವರ ಕೈಯಲ್ಲಿ ಪಳಗಿದ ಅಚ್ಚೊಂದಿತ್ತು. ಸಿಜೆಓಎಚ್‌ನಲ್ಲಿ ಜೊತೆಯಾದವರು ಜೆಫ್ರಿ ಡಾರ್ಬಿ. ಶೀರ್ಷಿಕೆಯಲ್ಲಿ ಬರುವ, ಮಕ್ಕಳನ್ನು ಯಂತ್ರಕ್ಕೆ ಹಾಕಿ ಸಾಸೇಜಿನ ಹಾಗೆ ಹೊರತೆಗೆಯುವ ಕಾರ್ಖಾನೆಯ ಕತ್ತರಿಚಿತ್ರ ಅನಿಮೇಶನ್ ರ‍್ಯಾಂಡ್ ಮೆಕ್‌ಐವರ್ ಅವರದು. ಹಿನ್ನೆಲೆಗೆ ರೊಸ್ಸಿನಿಯ 'ವಿಲಿಯಂ ಟೆಲ್' ಸಂಗೀತವನ್ನು ಡಿಕ್ಸಿಲ್ಯಾಂಡ್ ಜಾಝ್ ಧಾಟಿಯಲ್ಲಿ ಬಾರಿಸಿದ್ದಾರೆ.

ಪ್ರೈಸ್ ಹಿಡಿದ ಒಂದು ಹಟ ಈ ಕಾರ್ಯಕ್ರಮದ ಜೀವಾಳ. ನಟನಾ ಶಾಲೆಯಲ್ಲಿ ತಿದ್ದಿ ತೀಡಿದ ಮಕ್ಕಳು ಅವರಿಗೆ ಬೇಡವಾಗಿತ್ತು. ಒಟ್ಟಾವಾದ ಸಾಮಾನ್ಯ ಮಕ್ಕಳನ್ನೇ ಆರಿಸಿಕೊಂಡರು. ಆದ್ದರಿಂದಲೇ ಮಾತು ತೊದಲುತ್ತದೆ, ನಗು ತಡೆಯಲಾಗದೆ ಹೊರಬೀಳುತ್ತದೆ, ಹಲ್ಲಿಗೆ ಹಾಕಿದ ತಂತಿ ಕಾಣುತ್ತದೆ. ಕ್ರಿಸ್ಟೀನ್ ಮೆಕ್‌ಗ್ಲೇಡ್ ಆರಂಭದಿಂದ 1986ರವರೆಗೆ ನಿರೂಪಕಿಯಾಗಿದ್ದರು. ಒಂದು ಮಗು ಪರದೆಯ ಮೇಲೆಯೇ ಬೆಳೆದು ದೊಡ್ಡದಾಗುವುದನ್ನು ನೋಡಬೇಕಾದರೆ ಅವರ ಕಂತುಗಳನ್ನು ಸಾಲಾಗಿ ನೋಡಬೇಕು.

ಅಮೆರಿಕದ ನಿಕಲೋಡಿಯನ್‌ಗೆ ಹೋದದ್ದು ಹೇಗೆ?

ನಿಕಲೋಡಿಯನ್ ಹುಟ್ಟಿದ್ದೂ 1979ರಲ್ಲೇ, ಏಪ್ರಿಲ್‌ನಲ್ಲಿ. ಆಗ ಅದು ಶಾಂತವಾದ, ಪಾಠದ ವಾಸನೆಯ ಚಾನೆಲ್. 1981ರ ಕಂತುಗಳನ್ನು ಸಿಜೆಓಎಚ್ ತನ್ನ ಊರಿಗೆ ಒಂದು ಗಂಟೆಯದಾಗಿ ತೋರಿಸುತ್ತಿತ್ತು, ಹೊರಗಿನವರಿಗೆ ಮಾರಲು ಅದನ್ನೇ ಅರ್ಧ ಗಂಟೆಗೆ ಕತ್ತರಿಸುತ್ತಿತ್ತು. ಆ ಅರ್ಧ ಗಂಟೆಯದನ್ನು ನಿಕಲೋಡಿಯನ್ ಕೊಂಡಿತು. ಒಂದೆರಡು ವರ್ಷದೊಳಗೆ ಆ ಚಾನೆಲ್‌ನಲ್ಲಿ ಅತಿ ಹೆಚ್ಚು ನೋಡುವ ಕಾರ್ಯಕ್ರಮ ಇದೇ ಆಯಿತು. ಆಮೇಲೆ ತಯಾರಿಕೆಗೂ ನಿಕಲೋಡಿಯನ್ ಕೈಜೋಡಿಸಿತು. ಡಾರ್ಬಿ ಮುಂದೆ ಅಲ್ಲಿಗೇ ಹೋಗಿ, 1986ರ 'ಡಬಲ್ ಡೇರ್' ಎಂಬ ಗಲೀಜು ಆಟದ ಕಾರ್ಯಕ್ರಮವನ್ನು ರೂಪಿಸಿದವರಲ್ಲಿ ಒಬ್ಬರಾದರು. ಹಸಿರು ಲೋಳೆ ಆ ಚಾನೆಲ್ಲಿನ ಗುರುತಾದದ್ದು ಈ ದಾರಿಯಲ್ಲಿ.

ಹಸಿರು ಸ್ಲೈಮ್ ಮೊದಲು ಬಿದ್ದದ್ದು ಯಾರ ಮೇಲೆ?

ಟಿಮ್ ಡಗ್ಲಸ್ ಎಂಬ ಹುಡುಗನ ಮೇಲೆ, 1979ರಲ್ಲಿ. ನೆಲಮಾಳಿಗೆಯ ಸೆರೆಮನೆಯ ದೃಶ್ಯ ಅದು. ಸರಪಳಿಯಲ್ಲಿ ಕಟ್ಟಿದ ಹುಡುಗನ ಮೇಲೆ ಒಂದು ಬಕೆಟ್ ಹೊಲಸು ಸುರಿಯಬೇಕು. ಬಕೆಟ್‌ಗೆ ಹಾಕಿದ್ದು ಸಿಜೆಓಎಚ್ ಕ್ಯಾಂಟೀನಿನಲ್ಲಿ ಮಿಕ್ಕ ಊಟ. ಚಿತ್ರೀಕರಣ ಒಂದು ವಾರ ಮುಂದಕ್ಕೆ ಹೋಯಿತು, ಬಕೆಟ್ ಹಾಗೇ ಉಳಿಯಿತು. ತೆಗೆದು ನೋಡಿದರೆ ಬೂಷ್ಟು ಹಿಡಿದು ಹಸಿರಾಗಿದೆ. ಬೇರೆ ಮಾಡಲು ಸಮಯವಿಲ್ಲದೆ ಅದನ್ನೇ ಸುರಿದರು. ನೋಡಿದ ಮಕ್ಕಳಿಗೆ ಭಾರಿ ಇಷ್ಟವಾಯಿತು. ಮುಂದೆ ಬೂಷ್ಟಿಲ್ಲದ ಹಸಿರನ್ನು ಬೇಕೆಂದೇ ತಯಾರಿಸತೊಡಗಿದರು. ಅಪರೂಪಕ್ಕೆ ಕೆಂಪು, ನೀಲಿ, ಹಳದಿಯೂ ಸುರಿದದ್ದುಂಟು.

ಯಾವ ಮಾತಿಗೆ ಸ್ಲೈಮ್, ಯಾವ ಮಾತಿಗೆ ನೀರು?

'ಐ ಡೋಂಟ್ ನೋ' ಅಂದರೆ ಸ್ಲೈಮ್. 'ವಾಟರ್' ಅಂದರೆ ನೀರು. ನಿಯಮ ಇಷ್ಟೇ, ಆದರೆ ಅದಕ್ಕೆ ವಿನಾಯಿತಿ ಇಲ್ಲ. ಅದೇ ಅದರ ಶಕ್ತಿ. ಯಾರು ಹೇಳಿದರೂ ಬೀಳುತ್ತದೆ. ಬೇರೆಯವರ ಮಾತನ್ನು ಒಪ್ಪಿಸಿದರೂ ಬೀಳುತ್ತದೆ, ನಿಯಮವನ್ನು ವಿವರಿಸಲು ಹೋಗಿ ಹೇಳಿದರೂ ಬೀಳುತ್ತದೆ. ಹಾಗಾಗಿ ನೋಡುವ ಮಗು ಮಾತಿಗಿಂತ ಒಂದು ಹೆಜ್ಜೆ ಮುಂದೆ ಇರುತ್ತದೆ: 'ಹೇಳಿಬಿಡ್ತಾನೆ, ಈಗ ಹೇಳಿಬಿಡ್ತಾನೆ!'

ಕನ್ನಡದಲ್ಲಿ ಮಾಡುವಾಗ 'ಗೊತ್ತಿಲ್ಲ' ಸಾಕು. ಒಂದು ಮಾದರಿ:

ಮೇಷ್ಟ್ರು: ಕಿಟಕಿ ಗಾಜು ಒಡೆದೋರು ಯಾರಮ್ಮ?
ಹುಡುಗಿ: ಸಾರ್, ಅದು... ನಂಗೆ... (ಮೇಲೆ ನೋಡುತ್ತಾಳೆ) ನೆನಪಿಲ್ಲ ಸಾರ್.
ಮೇಷ್ಟ್ರು: ನೆನಪಿಲ್ವಾ? ಈಗ ತಾನೇ ಒಡೆದಿದ್ದು!
ಹುಡುಗಿ: ನಾನಂತೂ ಅಲ್ಲ ಸಾರ್. ಯಾರು ಅಂತ ಗೊತ್ತಿಲ್ಲ.
(ಬೀಳುತ್ತದೆ.)
ಮೇಷ್ಟ್ರು: ಅಯ್ಯೋ, ಇದೇನಮ್ಮ ಇದು? ಎಲ್ಲಿಂದ ಬಿತ್ತು?
ಹುಡುಗಿ: ನೀವೇ ಹೇಳಿ ಸಾರ್.
ಮೇಷ್ಟ್ರು: ನಂಗೇನು ಗೊತ್ತಿಲ್ಲ...
(ಮತ್ತೆ ಬೀಳುತ್ತದೆ.)

ಮೊದಲ ಸಲ ತಪ್ಪಿಸಿಕೊಳ್ಳುವುದು, ಎರಡನೇ ಸಲ ಸಿಕ್ಕಿಬೀಳುವುದು, ಮೂರನೆಯದಕ್ಕೆ ದೊಡ್ಡವರೇ ಬಲಿಯಾಗುವುದು: ಈ ಕ್ರಮ ಬಿಡಬೇಡಿ. ನೇರವಾಗಿ ಎರಡನೆಯದಕ್ಕೆ ಹೋದರೆ ಬಕೆಟ್ ಮಾತ್ರ ಉಳಿಯುತ್ತದೆ, ಹಾಸ್ಯ ಹೋಗುತ್ತದೆ.

ಅವರ ಸ್ಲೈಮ್‌ನಲ್ಲಿ ಏನೇನಿತ್ತು?

ವರ್ಷದಿಂದ ವರ್ಷಕ್ಕೆ ಬದಲಾಯಿತು. ಮೊದಮೊದಲು ಹಸಿರು ಜೆಲಟಿನ್ ಪುಡಿ, ಓಟ್ಸ್, ಹಿಟ್ಟು, ನೀರು. ಇದು ಕೂದಲಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಆಮೇಲೆ ಕ್ರೀಮ್ ಆಫ್ ವೀಟ್, ಅಂದರೆ ಹೆಚ್ಚುಕಡಿಮೆ ನಮ್ಮ ಸಣ್ಣ ರವೆಯಂಥದೇ ಗೋಧಿ ತರಿಯ ಗಂಜಿ, ಅದಕ್ಕೆ ಹಸಿರು ಬಣ್ಣ, ತೊಳೆದರೆ ಬೇಗ ಹೋಗಲೆಂದು ಬೇಬಿ ಶಾಂಪೂ ಸೇರಿಕೊಂಡವು. ನಿಕಲೋಡಿಯನ್ ಮುಂದೆ ತನ್ನ ಆಟಗಳಿಗೆ ವೆನಿಲಾ ಪುಡಿಂಗ್, ಸೇಬಿನ ಸಾಸ್, ಓಟ್ಸ್ ಬಳಸಿತು.

ನಾವು ಶಾಲೆಯಲ್ಲಿ ಮಾಡುವುದಾದರೆ ಅಳತೆ ಹೇಳಿ.

ಮೊದಲು ಒಂದು ಎಚ್ಚರಿಕೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ, ಅಥವಾ ಅಂಟು ಮತ್ತು ಬೋರಾಕ್ಸ್ ಸೇರಿಸಿ ಮಕ್ಕಳು ಮನೆಯಲ್ಲಿ ಮಾಡುವ ಆಟದ ಸ್ಲೈಮ್ ತಲೆಗೆ ಸುರಿಯುವಂಥದ್ದಲ್ಲ. ಕೂದಲಿಗೆ ಹಿಡಿದರೆ ಕತ್ತರಿಯೇ ಗತಿ, ಕಣ್ಣಿಗೂ ಅಪಾಯ. ಇಲ್ಲಿ ಹೇಳುವುದು ಗಂಜಿಯ ಬಗ್ಗೆ.

ಒಬ್ಬರ ಮೇಲೆ ಒಂದು ಸಲ ಸುರಿಯಲು ಸುಮಾರು 4 ಲೀಟರ್ ಸಾಕು. ದೊಡ್ಡ ಪಾತ್ರೆಯಲ್ಲಿ 4 ಲೀಟರ್ ನೀರು ಕುದಿಯಲಿಡಿ. 2 ಲೋಟ, ಅಂದರೆ ಸುಮಾರು 400 ಮಿಲಿ ಅಳತೆಯ ಚಿರೋಟಿ ರವೆಯನ್ನು ಬೇರೆ ಪಾತ್ರೆಯಲ್ಲಿ ಅರ್ಧ ಲೀಟರ್ ತಣ್ಣೀರಿಗೆ ಕದಡಿ. ಒಣ ರವೆಯನ್ನು ನೇರ ಕುದಿನೀರಿಗೆ ಹಾಕಿದರೆ ಗಂಟು ಗ್ಯಾರಂಟಿ. ಕದಡಿದ್ದನ್ನು ನಿಧಾನ ಸುರಿಯುತ್ತ, ಕೈಬಿಡದೆ ತಿರುಗಿಸುತ್ತ 8-10 ನಿಮಿಷ ಬೇಯಿಸಿ. ಬಿಸಿಯಲ್ಲಿ 'ಇದು ತೀರ ನೀರಾಯಿತಲ್ಲ' ಅನ್ನಿಸಬೇಕು. ಆರಿದಾಗ ಅದು ಗಟ್ಟಿಯಾಗುತ್ತದೆ. ಬಿಸಿಯಲ್ಲೇ ಉಪ್ಪಿಟ್ಟಿನ ಹದಕ್ಕೆ ಬಂದರೆ ತಣ್ಣಗಾದ ಮೇಲೆ ಮುದ್ದೆ.

ಇಳಿಸಿ, ತಿನ್ನುವ ಹಸಿರು ಬಣ್ಣ ಹಾಕಿ. ಬರೀ ಹಸಿರು ಹಾಕಿದರೆ ಬೆಳಕಿನಲ್ಲಿ ಪಾಚಿಯಂತೆ ಕಪ್ಪಾಗಿ ಕಾಣುತ್ತದೆ. ಹಸಿರಿನ ಜೊತೆ ಅದರ ಕಾಲುಭಾಗ ಹಳದಿ ಬೆರೆಸಿದರೆ ಟಿವಿಯಲ್ಲಿ ನೋಡಿದ ಹಸಿರು ಬರುತ್ತದೆ. ಬಣ್ಣ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಹೆಚ್ಚಾದದ್ದು ಚರ್ಮದ ಮೇಲೆ ಎರಡು ದಿನ ಉಳಿಯುತ್ತದೆ.

ಪೂರ್ತಿ ಆರಿದ ಮೇಲೆ 2 ಚಮಚ ಅಡುಗೆ ಎಣ್ಣೆ, ಕೊನೆಗೆ 100 ಮಿಲಿ ಬೇಬಿ ಶಾಂಪೂ. ಶಾಂಪೂ ಹಾಕಿದ ಮೇಲೆ ಕಡೆಯಬೇಡಿ, ಸೌಟಿನಿಂದ ಮೆಲ್ಲಗೆ ತಿರುಗಿಸಿ. ಇಲ್ಲದಿದ್ದರೆ ನೊರೆಯೆದ್ದು ಹಸಿರು ಹೋಗಿ ಬಿಳಿಚಿಕೊಳ್ಳುತ್ತದೆ. ಹದ ನೋಡಲು ಸೌಟಿನಿಂದ ಎತ್ತಿ ಬಿಡಿ: ಮಜ್ಜಿಗೆಯ ಹಾಗೆ ಸುರಿಯಬಾರದು, ದೋಸೆ ಹಿಟ್ಟಿನ ಹಾಗೆ ಪಟ್ಟಿಯಾಗಿ ಇಳಿಯಬೇಕು. ಗಟ್ಟಿಯಾಗಿದ್ದರೆ ಉಗುರುಬೆಚ್ಚಗಿನ ನೀರು ಒಂದೊಂದೇ ಲೋಟ ಸೇರಿಸಿ.

ಗೋಧಿ ಒಗ್ಗದ ಮಗುವಿದ್ದರೆ ರವೆ ಮುಟ್ಟಿಸಲೇಬೇಡಿ. ಅಕ್ಕಿಹಿಟ್ಟಿನ ತೆಳು ಗಂಜಿ ಮಾಡಿ, ಅಳತೆ 4 ಲೀಟರಿಗೆ ಒಂದೂವರೆ ಲೋಟ. ತರಿ ಕಾಣುವುದಿಲ್ಲ, ಆದರೆ ಹೊಳಪು ಇನ್ನೂ ಚೆನ್ನಾಗಿ ಬರುತ್ತದೆ. ರಾಗಿ ಬೇಡ, ಅದರ ಬಣ್ಣದ ಮೇಲೆ ಹಸಿರು ಏಳುವುದೇ ಇಲ್ಲ.

ಎಲ್ಲಿ ಕೆಡುತ್ತದೆ?

ಎಲ್ಲಕ್ಕಿಂತ ಅಪಾಯದ್ದು ಬಿಸಿ. ರವೆ ಗಂಜಿ ಮೇಲೆ ಕೆನೆಗಟ್ಟಿ ತಣ್ಣಗಾದಂತೆ ತೋರುತ್ತದೆ, ನಡುವೆ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ. ಬೆಳಿಗ್ಗೆ ಕಾರ್ಯಕ್ರಮವಿದ್ದರೆ ಹಿಂದಿನ ಸಂಜೆಯೇ ಬೇಯಿಸಿ, ಅಗಲ ಪಾತ್ರೆಗೆ ಹರಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಸುರಿಯುವ ಮುನ್ನ ದೊಡ್ಡವರೊಬ್ಬರು ಮೊಣಕೈಯನ್ನು ಬಕೆಟ್ಟಿನ ತಳದವರೆಗೆ ಇಳಿಸಿ ನೋಡಲೇಬೇಕು. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಸುರಿದರೆ ಮಗು ಉಸಿರು ಸೆಳೆದುಕೊಳ್ಳುತ್ತದೆ, ಬಾಯಿ ತೆರೆಯುತ್ತದೆ, ಒಳಗೆ ಹೋಗುತ್ತದೆ. ಅದಕ್ಕೇ ಉಗುರುಬೆಚ್ಚಗೆ ಮಾಡಿಕೊಳ್ಳುವುದು.

ಎರಡನೆಯದು ಎತ್ತರ. 4 ಲೀಟರ್ ಗಂಜಿ ನಾಲ್ಕು ಕಿಲೊಗಿಂತ ಹೆಚ್ಚು ತೂಗುತ್ತದೆ. ಬಕೆಟ್ಟಿನ ಬಾಯಿ ತಲೆಗಿಂತ ಎರಡಡಿ ಮೇಲಿರಲಿ, ಅದಕ್ಕಿಂತ ಬೇಡ. ಒಂದೇ ಏಟಿಗೆ ಮಗುಚಬಾರದು, ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ಬಾಗಿಸಬೇಕು. ಗಟ್ಟಿ ಏಣಿಯ ಮೇಲೆ ನಿಂತವರು ಸುರಿಯಲಿ, ಇನ್ನೊಬ್ಬರು ಏಣಿ ಹಿಡಿದಿರಲಿ. ಹಗ್ಗ ಕಟ್ಟಿ ಎಳೆಯುವ ಏರ್ಪಾಟು ನೋಡಲು ಚೆಂದ, ಆದರೆ ಬಕೆಟ್ಟೇ ಕಳಚಿ ಬೀಳುವುದು ಅದರಲ್ಲೇ.

ಮಗುವಿಗೆ ಹೇಳಿಕೊಡಬೇಕಾದದ್ದು: ಮಾತು ಮುಗಿದ ತಕ್ಷಣ ಬಾಯಿ ಮುಚ್ಚು, ಕಣ್ಣು ಮುಚ್ಚು, ತಲೆ ಒಂಚೂರು ಮುಂದಕ್ಕೆ ಬಾಗಿಸು, ಮೇಲೆ ಮಾತ್ರ ನೋಡಬೇಡ. ಸುರಿದು ಮುಗಿದ ಮೇಲೆ ಎರಡೂ ಕೈಯಿಂದ ಹಣೆಯಿಂದ ಕೆಳಕ್ಕೆ ಒರೆಸಿಕೊಂಡು ಆಮೇಲೆ ಕಣ್ಣು ಬಿಡು. ನೀರಿನಲ್ಲಿ ಇದನ್ನು ನಾಲ್ಕೈದು ಸಲ ಅಭ್ಯಾಸ ಮಾಡಿಸಿದರೆ ಮುಖ ತಾನಾಗಿ ಪಳಗುತ್ತದೆ. ಕಿವಿಗೆ ಹತ್ತಿ, ಕೂದಲಿಗೆ ಮೊದಲೇ ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ಕೂದಲಿಗೆ ಬಣ್ಣ ಹಿಡಿಯುವುದಿಲ್ಲ.

ನೆಲದ ವಿಚಾರ ಎಲ್ಲರೂ ಮರೆಯುತ್ತಾರೆ. ಶಾಂಪೂ, ಎಣ್ಣೆ, ಗಂಜಿ ಮೂರೂ ಸೇರಿ ಟಾರ್ಪಾಲಿನ ಮೇಲೆ ಬಿದ್ದರೆ ಕಾಲಿಟ್ಟವರು ಜಾರುತ್ತಾರೆ. ಟಾರ್ಪಾಲಿನ ಮೇಲೆ ಹಳೆ ಗೋಣಿಚೀಲ ಹಾಸಿ, ಮಗು ಅದರ ಮೇಲೆ ಬರಿಗಾಲಲ್ಲಿ ನಿಲ್ಲಲಿ. ಮೈಕು, ವೈರು ಹತ್ತಡಿ ದೂರ. ಕಾಲರ್ ಮೈಕ್ ಇದ್ದರೆ ಆ ದೃಶ್ಯಕ್ಕೆ ಬಿಚ್ಚಿಡಿ. ಇಡೀ ಕಾರ್ಯಕ್ರಮದಲ್ಲಿ ಇದು ಕೊನೆಯ ದೃಶ್ಯವಾಗಿರಲಿ, ನಡುವೆ ಇಟ್ಟರೆ ಒರೆಸುವಷ್ಟರಲ್ಲಿ ಸಭೆ ಎದ್ದುಹೋಗಿರುತ್ತದೆ.

ಉಳಿದದ್ದನ್ನು ಬಚ್ಚಲಿಗೆ ಸುರಿಯಬೇಡಿ. ರವೆ ಪೈಪಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಗೋಣಿಚೀಲ ಸಮೇತ ಎತ್ತಿ ಹೊರಗೆ ಮಣ್ಣಿನ ಗುಂಡಿಗೆ ಹಾಕಿ. ಮಗುವಿಗೆ ಮೊದಲ ಸ್ನಾನ ಹೊರಗೇ ಆಗಲಿ, ತಣ್ಣೀರಿನಲ್ಲಿ. ಬಿಸಿನೀರು ಹಾಕಿದರೆ ಗಂಜಿ ಕೂದಲಲ್ಲಿ ಇನ್ನಷ್ಟು ಅಂಟುತ್ತದೆ.

ಎಲ್ಲ ಮಕ್ಕಳ ಮೇಲೂ ಸುರಿಯಬಹುದೇ?

ಒಪ್ಪಿದವರ ಮೇಲೆ ಮಾತ್ರ. ಮೂಲ ಕಾರ್ಯಕ್ರಮದಲ್ಲಿ ಸ್ಲೈಮ್ ಬಿದ್ದ ಮಕ್ಕಳಿಗೆ ಅದಕ್ಕೆಂದೇ ಹೆಚ್ಚಿನ ಸಂಭಾವನೆ ಇರುತ್ತಿತ್ತು. ಅದು ಕೆಲಸ, ಶಿಕ್ಷೆಯಲ್ಲ ಎಂಬುದು ಅವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ ಮಗುವಿನ ಮೇಲೆ ಅಚ್ಚರಿಯೆಂದು ಸುರಿಯುವುದು ಈ ಕಾರ್ಯಕ್ರಮದ ಮಾದರಿಯೇ ಅಲ್ಲ. ತರಗತಿಯಲ್ಲಿ ಮೊದಲೇ ಎಲ್ಲರೂ ಗೇಲಿ ಮಾಡುವ ಮಗುವನ್ನು ಇದಕ್ಕೆ ಆರಿಸಬೇಡಿ, ಅದು ತಾನೇ ಒಪ್ಪಿದರೂ ಬೇಡ. ಎಲ್ಲರಿಗೂ ಇಷ್ಟವಾದ, ಎದುರುತ್ತರ ಕೊಡುವ ಮಗು ಸರಿ. ಇನ್ನೂ ಒಳ್ಳೆಯದು ಹೆಡ್‌ಮೇಷ್ಟ್ರು.

ಒಂದು ಕಂತಿನಲ್ಲಿ ಏನೇನು ಇರುತ್ತಿತ್ತು?

ಮೊದಲಿಗೆ ಉದ್ಘೋಷಕರ ಗಂಭೀರ ದನಿ: ಇವತ್ತು ಈ ಕಾರ್ಯಕ್ರಮ ಇರುವುದಿಲ್ಲ, ಬದಲಿಗೆ ಇಂಥದ್ದು ಪ್ರಸಾರವಾಗುತ್ತದೆ, ಅಂತ ಒಂದು ಅಸಂಬದ್ಧ ಕಾರ್ಯಕ್ರಮದ ಹೆಸರು. ಆಮೇಲೆ ಸಾಸೇಜ್ ಕಾರ್ಖಾನೆ. ನಂತರ ನಿರೂಪಣೆಯ ಜಾಗ, ಅಲ್ಲಿ ಮಕ್ಕಳು ತಮ್ಮ ತಮ್ಮ ಹೆಸರಿನಲ್ಲೇ ನಿಂತು ಅವತ್ತಿನ ವಿಷಯ ಎತ್ತುತ್ತಾರೆ. ಅಲ್ಲಿಂದ ಒಂದೊಂದೇ ಖಾಯಂ ತಾಣಕ್ಕೆ ಜಿಗಿತ: ತರಗತಿ, ಮನೆಯ ಅಡುಗೆಕೋಣೆ, ಬಾರ್ತ್‌ನ ಹೊಲಸು ಬರ್ಗರ್ ಅಂಗಡಿ, ವಿಡಿಯೊ ಗೇಮ್ ಅಂಗಡಿ, ಸೆರೆಮನೆ, ಗುಂಡು ಹೊಡೆಸುವ ಕಂಬ.

ಆ ಕಂಬದ ದೃಶ್ಯ ಒಂದೇ ಅಚ್ಚಿನದು, ಆದರೂ ಹಳತಾಗುವುದಿಲ್ಲ. ಎಲ್ ಕ್ಯಾಪಿಟಾನೊ ಎಂಬ ಸೇನಾಧಿಕಾರಿ 'ರೆಡಿ, ಏಮ್' ಎನ್ನುವಷ್ಟರಲ್ಲಿ ಕಂಬಕ್ಕೆ ಕಟ್ಟಿದ ಹುಡುಗ ತಡೆದು ಏನೋ ಕೇಳುತ್ತಾನೆ. ಮಾತಿಗೆ ಮಾತು ಬೆಳೆದು, ಅಧಿಕಾರಿ ತಾನು ಗುರಿಯೆದುರೇ ಬಂದು ನಿಂತದ್ದನ್ನು ಮರೆತು 'ಫೈರ್' ಎಂಬ ಮಾತು ಆಡಿಬಿಡುತ್ತಾನೆ. ಸ್ಲೈಮ್ ನಿಯಮದ ಇನ್ನೊಂದು ರೂಪವಿದು. ಮಾತು ಬಲ್ಲವನು ಗೆಲ್ಲುತ್ತಾನೆ, ಬಂದೂಕು ಇರುವವನಲ್ಲ. ಈ ಕಾರ್ಯಕ್ರಮವನ್ನು ನಾವು ಇಷ್ಟು ಹಚ್ಚಿಕೊಂಡಿರುವುದೇ ಇದಕ್ಕಾಗಿ.

'ಆಪೊಸಿಟ್ಸ್' ಅಂದರೆ ಏನು?

ಪ್ರತಿ ಕಂತಿನ ನಡುವೆ ಚಿತ್ರ ತಲೆಕೆಳಗಾಗುತ್ತದೆ. ಅಲ್ಲಿಂದ ಲೋಕವೇ ಉಲ್ಟಾ. ಮಕ್ಕಳು ಓದಬೇಕೆಂದು ಹಟ ಹಿಡಿಯುತ್ತಾರೆ, ದೊಡ್ಡವರು ಬೇಡವೆಂದು ಗದರುತ್ತಾರೆ. ನಮ್ಮ ಮನೆಯ ಹಾಗೆ ಬರೆದರೆ:

ಅಮ್ಮ: ಏನೋ ಇದು, ತಟ್ಟೆ ತುಂಬ ಪಲ್ಯ! ಮೊದಲು ಚಾಕೊಲೇಟ್ ಮುಗಿಸು.
ಮಗ: ಅಮ್ಮಾ ಪ್ಲೀಸ್, ಒಂದೇ ಒಂದು ಚೂರು ಹಾಗಲಕಾಯಿ ಗೊಜ್ಜು!
ಅಮ್ಮ: ಅಪ್ಪ ಬರ್ಲಿ, ಹೇಳ್ತೀನಿ. ಟಿವಿ ಮುಂದೆ ಕೂತ್ಕೊಳ್ದೆ ಪುಸ್ತಕ ಹಿಡಿದಿದ್ದೆ ಅಂತ.

ಬರೆಯುವಾಗ ಆಗುವ ತಪ್ಪು ಒಂದೇ: ಪಾತ್ರಗಳು ತಾವು ಉಲ್ಟಾ ಮಾತಾಡುತ್ತಿದ್ದೇವೆಂದು ನಗುವುದು. ಅಮ್ಮನ ಸಿಟ್ಟು ದಿನನಿತ್ಯದ ನಿಜವಾದ ಸಿಟ್ಟೇ ಆಗಿರಬೇಕು, ದನಿ ಅದೇ, ಬೆರಳು ತೋರಿಸುವುದೂ ಅದೇ. ವಸ್ತು ಮಾತ್ರ ಅದಲುಬದಲು. ಮೂರು ನಿಮಿಷ ದಾಟಿದರೆ ಜಗ್ಗುತ್ತದೆ.

ಲಾಕರ್ ಜೋಕುಗಳನ್ನು ವೇದಿಕೆಯಲ್ಲಿ ಹೇಗೆ ತೋರಿಸುವುದು?

ಶಾಲೆಯ ಕಬ್ಬಿಣದ ಲಾಕರುಗಳ ಸಾಲು. ಒಂದು ಬಾಗಿಲು ತೆರೆದು ಒಬ್ಬ ಕೇಳುತ್ತಾನೆ, ಇನ್ನೊಂದರಿಂದ ಒಬ್ಬಳು ಉತ್ತರಿಸುತ್ತಾಳೆ, ಧಡ್ಡೆಂದು ಬಾಗಿಲು ಮುಚ್ಚುತ್ತದೆ. 'ರೋವನ್ ಅಂಡ್ ಮಾರ್ಟಿನ್ಸ್ ಲಾಫ್-ಇನ್' ಎಂಬ ಹಳೆಯ ಅಮೆರಿಕನ್ ಕಾರ್ಯಕ್ರಮದ ಜೋಕಿನ ಗೋಡೆಯ ಮಕ್ಕಳ ರೂಪ ಇದು.

ನಮ್ಮಲ್ಲಿ ಫ್ರಿಜ್ಜಿನ ರಟ್ಟಿನ ಡಬ್ಬಿ ನಾಲ್ಕು ಸಾಕು. ಪಕ್ಕಪಕ್ಕ ನಿಲ್ಲಿಸಿ, ಹಿಂದೆ ಬಿದಿರು ಅಡ್ಡ ಕಟ್ಟಿ. ಕಟ್ಟದಿದ್ದರೆ ಒಬ್ಬ ಜೋರಾಗಿ ಬಾಗಿಲು ಹಾಕಿದಾಗ ನಾಲ್ಕೂ ಸಾಲಾಗಿ ಬೀಳುತ್ತವೆ. ಬಾಗಿಲಿನ ಮಡಿಕೆಗೆ ಒಳಗೂ ಹೊರಗೂ ಅಗಲ ಟೇಪು ಅಂಟಿಸಿ. ರಟ್ಟು ಸದ್ದು ಮಾಡುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಒಬ್ಬರು ಎಣ್ಣೆ ಡಬ್ಬವೊಂದನ್ನು ಕೋಲಿನಿಂದ ಬಾರಿಸಲಿ. ಆ ಸದ್ದೇ ಪೂರ್ಣವಿರಾಮ.

ಒಂದು ಜೋಕಿಗೆ ಎರಡು ಮಾತು, ಹೆಚ್ಚೆಂದರೆ ನಾಲ್ಕು. ಉದಾಹರಣೆಗೆ ಶುಕ್ರವಾರದ ಊಟದ ಹೊತ್ತು: 'ಕ್ಯಾಂಟೀನ್ ಸಾಂಬಾರಲ್ಲಿ ತರಕಾರಿ ಸಿಕ್ತೇನೋ?' 'ಸಿಕ್ತು ಕಣೆ. ಸೋಮವಾರದ್ದು.' ಧಡ್. ಸಭೆ ನಗುವಾಗ ಮುಂದಿನ ಬಾಗಿಲು ತೆರೆಯಬಾರದು, ನಗು ಇಳಿಮುಖವಾಗುತ್ತಲೇ ತೆರೆಯಬೇಕು. ಮಕ್ಕಳು ಒಳಗಿರುವುದರಿಂದ ಅವರಿಗೆ ಸಭೆ ಕಾಣುವುದಿಲ್ಲ. ಡಬ್ಬಿಯಲ್ಲಿ ಕಣ್ಣೆತ್ತರಕ್ಕೆ ಒಂದು ತೂತು ಮಾಡಿ, ಎದುರಿನಿಂದ ಒಬ್ಬರು ಕೈಸನ್ನೆ ಕೊಡಲಿ. ಎಂಟು ಹತ್ತು ಜೋಕು ಒಂದೇ ಓಟದಲ್ಲಿ ಮುಗಿಯಲಿ.

ದೊಡ್ಡವರ ಪಾತ್ರಗಳನ್ನೆಲ್ಲ ಒಬ್ಬರೇ ಮಾಡಿದ್ದರೇ?

ಗಂಡಸರ ಪಾತ್ರಗಳನ್ನು ಬಹುಪಾಲು ಒಬ್ಬರೇ: ಲೆಸ್ ಲೈ (1924–2009). ನಿರ್ದೇಶಕ ರಾಸ್, ಬರ್ಗರಿನ ಬಾರ್ತ್, ಎಲ್ ಕ್ಯಾಪಿಟಾನೊ, ಮೇಷ್ಟ್ರು, ಗೇಮ್ ಅಂಗಡಿಯ ಬ್ಲಿಪ್, ಸೋಮಾರಿ ಅಪ್ಪ ಲ್ಯಾನ್ಸ್ ಪ್ರಿವರ್ಟ್ ಎಲ್ಲ ಅವರೇ. ಮೊದಲ ಕಂತಿನಿಂದ ಕೊನೆಯ ಕಾಲದವರೆಗೆ ಉಳಿದ ನಟ ಅವರೊಬ್ಬರೇ. ಸಿಜೆಓಎಚ್‌ನಲ್ಲೇ 'ಅಂಕಲ್ ವಿಲ್ಲಿ ಅಂಡ್ ಫ್ಲಾಯ್ಡ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಫ್ಲಾಯ್ಡ್ ಆಗಿ ಊರಿಗೆಲ್ಲ ಪರಿಚಿತರಾಗಿದ್ದರು. 1982ರಿಂದ ಅಮ್ಮ, ಗ್ರಂಥಪಾಲಕಿ ಮುಂತಾದ ಪಾತ್ರಗಳಿಗೆ ಆಬಿ ಹ್ಯಾಗ್ಯಾರ್ಡ್ ಬಂದರು. ದೊಡ್ಡವರೆಲ್ಲ ಎರಡೇ ಮುಖ ಆಗಿರುವುದು ಖರ್ಚು ಉಳಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಮಕ್ಕಳ ಕಣ್ಣಿಗೆ ದೊಡ್ಡವರೆಲ್ಲ ಒಂದೇ ಥರ ಕಾಣುತ್ತಾರೆಂಬುದನ್ನು ಮಾತಿಲ್ಲದೆ ಹೇಳುತ್ತದೆ. ಶಾಲಾ ನಾಟಕದಲ್ಲೂ ಹಾಗೇ ಮಾಡಿ: ಒಬ್ಬರೇ ಮೇಷ್ಟ್ರು, ಟೋಪಿ ಮತ್ತು ಕನ್ನಡಕ ಬದಲಾದರೆ ಸಾಕು.

ಗಾಯಕಿ ಅಲಾನಿಸ್ ಮೋರಿಸೆಟ್ ಇದರಲ್ಲಿ ಇದ್ದರಂತೆ, ನಿಜವೇ?

ನಿಜ. 1986ರ ಐದು ಕಂತುಗಳಲ್ಲಿ. ಒಟ್ಟಾವಾದಲ್ಲೇ ಹುಟ್ಟಿದ ಹುಡುಗಿ, ಆಗ ಹನ್ನೆರಡರ ಆಸುಪಾಸು. ಇದರಲ್ಲಿ ಬಂದ ಹಣ ಅವರ ಮೊದಲ ಹಾಡಿನ ಮುದ್ರಣಕ್ಕೆ ನೆರವಾಯಿತು. ಲೋಕವೆಲ್ಲ ಕೇಳಿದ 'ಜ್ಯಾಗೆಡ್ ಲಿಟಲ್ ಪಿಲ್' ಆಲ್ಬಂ ಬಂದದ್ದು 1995ರಲ್ಲಿ.

ಪಾಲಕರು ವಿರೋಧಿಸಲಿಲ್ಲವೇ?

ವಿರೋಧವಿತ್ತು. ಸೋಮಾರಿ ಅಪ್ಪ, ಕೊಳಕು ಅಡುಗೆಯವ, ಮಕ್ಕಳನ್ನು ಕಂಡರಾಗದ ಮೇಷ್ಟ್ರು: ಇವರನ್ನು ಮಕ್ಕಳ ಟಿವಿಯಲ್ಲಿ ತೋರಿಸಬಾರದೆಂದವರು ಬಹಳ. 1984ರ 'ಅಡಾಪ್ಶನ್' ಕಂತಿನಲ್ಲಿ ದತ್ತು ಮಗುವನ್ನು ಮನೆಗೆಲಸಕ್ಕೆ ಬಳಸಿಕೊಳ್ಳುವ ಅಪ್ಪನಿದ್ದಾನೆ. ಅದನ್ನು ನಿಕಲೋಡಿಯನ್ ಮರುಪ್ರಸಾರದಿಂದ ತೆಗೆದೇಹಾಕಿತು. ನಮಗೆ ಆ ನಿರ್ಧಾರ ಸರಿ ಅನ್ನಿಸುತ್ತದೆ. ಬೇರೆ ಕಂತುಗಳಲ್ಲಿ ಮಗುವಿಗೆ ತಿರುಗಿ ಕೊಡಲು ಒಂದು ಮಾತಾದರೂ ಇರುತ್ತದೆ, ಇಲ್ಲಿ ಆ ಮಾತಿನ ಬಲ ಸಾಲದು. ಆದರೆ ಇಡೀ ಕಾರ್ಯಕ್ರಮವನ್ನೇ ಒರಟೆಂದು ತಳ್ಳಿಹಾಕುವುದನ್ನು ನಾವು ಒಪ್ಪುವುದಿಲ್ಲ.

ನಿಂತುಹೋದದ್ದು ಯಾಕೆ?

ಮಕ್ಕಳು ಬೆಳೆದರು. 1986ರ ಹೊತ್ತಿಗೆ ಹಳೆಯ ಮುಖಗಳಲ್ಲಿ ಹಲವರು ಹೊರಟುಹೋದರು. ಅತ್ತ ನಿಕಲೋಡಿಯನ್ ತನ್ನದೇ ಕಾರ್ಯಕ್ರಮಗಳನ್ನು ತಾನೇ ತಯಾರಿಸತೊಡಗಿತು, 1990ರಲ್ಲಿ ಫ್ಲಾರಿಡಾದಲ್ಲಿ ಸ್ವಂತ ಸ್ಟುಡಿಯೊ ತೆರೆಯಿತು. ಮರುಪ್ರಸಾರ ಇನ್ನೂ ಕೆಲವು ವರ್ಷ ನಡೆದು 1994ರಲ್ಲಿ ನಿಂತಿತು. ಅದೇ ವರ್ಷ ಮಕ್ಕಳ ಪ್ರಹಸನಕ್ಕೆಂದು 'ಆಲ್ ದಟ್' ಬಂತು.

ಭಾರತಕ್ಕೆ ನಿಕಲೋಡಿಯನ್ ಬಂದದ್ದು 1999ರಲ್ಲಿ. ಹಾಗಾಗಿ ನಮ್ಮ ಮನೆಗಳಿಗೆ ಹಸಿರು ಲೋಳೆ ಬಂತು, ಅದರ ಮೂಲ ಬರಲಿಲ್ಲ.

ನೋಡಬೇಕಾದರೆ ಯಾವ ಕಂತುಗಳಿಂದ ಶುರುಮಾಡಲಿ?

1982ರಿಂದ 1984ರವರೆಗಿನವು. ಮೆಕ್‌ಗ್ಲೇಡ್, ಎಡೆಬಿಡದೆ ಮಾತಾಡುವ ಲಿಸಾ ರಡ್ಡಿ, ಅಲಸ್ಡೇರ್ ಗಿಲ್ಲಿಸ್, ಜೊತೆಗೆ ಲೈ ಮತ್ತು ಹ್ಯಾಗ್ಯಾರ್ಡ್ ಎಲ್ಲ ಒಟ್ಟಿಗಿದ್ದ ಕಾಲ ಅದು. 1979ರವನ್ನು ಆಮೇಲೆ ನೋಡಿ. ನೇರ ಪ್ರಸಾರವಾದ್ದರಿಂದ ನಡುನಡುವೆ ಒಟ್ಟಾವಾದವರಿಗಷ್ಟೇ ತಿಳಿಯುವ ಮಾತು, ಸ್ಪರ್ಧೆ ತುಂಬ. 1981ರ ಯಾವುದೇ ಕಂತು ಸಿಕ್ಕರೆ ಅವಧಿ ನೋಡಿಕೊಳ್ಳಿ. ಅರ್ಧ ಗಂಟೆಯದಾದರೆ ಅದು ಹೊರಗಿನವರಿಗೆ ಕತ್ತರಿಸಿದ್ದು, ಊರಿನವರು ನೋಡಿದ ಪೂರ್ತಿ ಕಂತು ಅದರ ಎರಡರಷ್ಟಿದೆ.

ಎಂಟು ಹತ್ತು ವರ್ಷದ ಮಕ್ಕಳ ಜೊತೆ ಕೂತು ನೋಡುವವರು ಗುಂಡು ಹೊಡೆಸುವ ಕಂಬ ಮತ್ತು ಸೆರೆಮನೆಯ ದೃಶ್ಯಗಳನ್ನು ಮೊದಲು ತಾವೊಬ್ಬರೇ ನೋಡಿಕೊಳ್ಳಿ. ಅವು ವ್ಯಂಗ್ಯಚಿತ್ರದ ಹಾಗಿವೆ, ರಕ್ತವಿಲ್ಲ. ಆದರೂ ಕೆಲವು ಸಣ್ಣ ಮಕ್ಕಳಿಗೆ ಸರಪಳಿ ಹಿಡಿಸುವುದಿಲ್ಲ. ಅಂಥವರಿಗೆ ಲಾಕರ್ ಜೋಕು ಮತ್ತು ಬಾರ್ತ್‌ನ ಅಂಗಡಿ ಸಾಕು.